ನಿಮ್ಮೂರಿನ ಕಾಮಗಾರಿಯ ಲೆಕ್ಕವನ್ನು ಸದನದಲ್ಲಿ ಕೇಳಿಸುವುದು ಹೇಗೆ?

"ಶಾಲೆಗೆ ಎರಡು ಕೊಠಡಿ ಮಂಜೂರಾಗಿ ಎರಡು ವರ್ಷ ಆಯ್ತು. ಪಾಯ ಬಿಟ್ಟು ಮೇಲೆ ಎದ್ದಿಲ್ಲ. ತಾಲ್ಲೂಕು ಕಚೇರಿಗೆ ಹೋದರೆ ದುಡ್ಡು ಬಂದಿಲ್ಲ ಅಂತಾರೆ, ಜಿಲ್ಲೆಯಲ್ಲಿ ಕೇಳಿದರೆ ಕೊಟ್ಟಾಗಿದೆ ಅಂತಾರೆ. ಇದನ್ನ ವಿಧಾನಸಭೆಯಲ್ಲಿ ಕೇಳಿಸೋಕೆ ಆಗುತ್ತಾ?"

ಊರು ಬೇರೆ, ಇಲಾಖೆ ಬೇರೆ ಇರಬಹುದು. ಅಧಿವೇಶನ ಹತ್ತಿರ ಬಂದಾಗಲೆಲ್ಲ ಓದುಗರು ಕೇಳುವುದು ಇದನ್ನೇ. ಆಗುತ್ತದೆ. ವಕೀಲರು ಬೇಡ, ಶುಲ್ಕವಿಲ್ಲ. ನೀವು ಬರೆದ ಪ್ರಶ್ನೆಗೆ ಒಬ್ಬ ಶಾಸಕರು ಸಹಿ ಹಾಕಬೇಕು, ಅಷ್ಟೇ. ಆದರೆ ಪ್ರಶ್ನೆಯನ್ನು ಸಡಿಲವಾಗಿ ಕೇಳಿದರೆ ಇಲಾಖೆಯೂ ಸಡಿಲವಾಗಿಯೇ ಉತ್ತರಿಸುತ್ತದೆ. ಈ ಲೇಖನದ ಅರ್ಧ ಭಾಗ ಪ್ರಶ್ನೆ ಬರೆಯುವುದರ ಬಗ್ಗೆಯೇ ಇರುವುದು ಅದಕ್ಕೆ.

ಸದನದ ಪ್ರಶ್ನೆಗೆ ಅಷ್ಟು ತೂಕ ಯಾಕೆ? ಅದಕ್ಕೆ ಮಂತ್ರಿಯೇ ಉತ್ತರ ಕೊಡಬೇಕು. ಗೊತ್ತಿದ್ದೂ ಸುಳ್ಳು ಹೇಳಿದರೆ ಅದು ಹಕ್ಕುಚ್ಯುತಿ, ಅಂದರೆ ಸದನಕ್ಕೇ ಮಾಡಿದ ಅವಮಾನ. ಹಾಗಾಗಿ ಪ್ರಶ್ನೆ ವಿಧಾನಸೌಧದಿಂದ ಹೊರಟು ಜಿಲ್ಲೆ, ತಾಲ್ಲೂಕು ದಾಟಿ ಕೊನೆಯ ಗುಮಾಸ್ತರ ಮೇಜಿನವರೆಗೂ ಬರುತ್ತದೆ. ಕಚೇರಿಗಳಲ್ಲಿ ಇದನ್ನು ‘ಎಲ್‌ಎಕ್ಯೂ’ ಎನ್ನುತ್ತಾರೆ. ವಿಧಾನ ಪರಿಷತ್ತಿನದಾದರೆ ‘ಎಲ್‌ಸಿಕ್ಯೂ’. "ಎಲ್‌ಎಕ್ಯೂ ಬಂದಿದೆ, ಇವತ್ತು ಸಂಜೆಯೊಳಗೆ ಮಾಹಿತಿ ಬೇಕು" ಎಂಬ ಫೋನ್ ಬಂದರೆ ಧೂಳು ಹಿಡಿದ ಕಡತವೂ ಹೊರಗೆ ಬರುತ್ತದೆ.

ಕೈಯಲ್ಲಿ ಏನಿರಬೇಕು? ಕಾಮಗಾರಿಯ ಸರಿಯಾದ ಹೆಸರು, ಮಂಜೂರಾದ ವರ್ಷ, ಯಾವ ಯೋಜನೆಯ ಹಣ ಎಂಬ ಸುಳಿವು, ಸ್ಥಳದಲ್ಲಿ ಬೋರ್ಡ್ ಹಾಕಿದ್ದರೆ ಅದರ ಫೋಟೊ. ಆದೇಶದ ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು. ಸಿಗದಿದ್ದರೂ ನಡೆಯುತ್ತದೆ.

1. ವಿಷಯ ಯಾರದು ಎಂದು ಮೊದಲು ಗೊತ್ತು ಮಾಡಿಕೊಳ್ಳಿ

ರಾಜ್ಯ ಸರ್ಕಾರದ ಜವಾಬ್ದಾರಿಯಲ್ಲದ ವಿಷಯವನ್ನು ವಿಧಾನಸಭೆಯಲ್ಲಿ ಕೇಳಲಾಗದು. ರೈಲ್ವೆ, ಅಂಚೆಯಂಥ ವಿಷಯಗಳಿಗೆ ಸಂಸದರ ಬಳಿ ಹೋಗಬೇಕು. ಶಾಲೆ, ಆಸ್ಪತ್ರೆ, ಹಾಸ್ಟೆಲ್, ರಾಜ್ಯ ಹೆದ್ದಾರಿ, ಕೆರೆ ಇವೆಲ್ಲ ರಾಜ್ಯದ್ದು.

ಆಮೇಲೆ ಇಲಾಖೆ. ಇಲ್ಲಿ ತುಂಬ ಜನ ಎಡವುತ್ತಾರೆ. ಶಾಲೆಯ ಕಟ್ಟಡ ಎಂದ ಮಾತ್ರಕ್ಕೆ ಕಟ್ಟುವವರು ಶಿಕ್ಷಣ ಇಲಾಖೆಯವರೇ ಆಗಿರಬೇಕಿಲ್ಲ. ಹಣ ಒಂದು ಇಲಾಖೆಯದು, ಕಟ್ಟುವ ಎಂಜಿನಿಯರುಗಳು ಇನ್ನೊಂದು ಇಲಾಖೆಯವರು. ಪ್ರಶ್ನೆ ತಪ್ಪು ಮಂತ್ರಿಗೆ ಹೋದರೆ "ಈ ವಿಷಯ ನಮ್ಮ ಇಲಾಖೆಗೆ ಸಂಬಂಧಿಸಿಲ್ಲ" ಎಂದು ವರ್ಗಾವಣೆಯಾಗುತ್ತದೆ. ಅಷ್ಟರಲ್ಲಿ ಅಧಿವೇಶನವೇ ಮುಗಿದಿರಬಹುದು. ಹಣ ಯಾರದೋ ಅವರನ್ನೇ ಕೇಳಿ, ಕಟ್ಟುವವರ ಹೆಸರನ್ನು ಪ್ರಶ್ನೆಯೊಳಗೆ ತನ್ನಿ.

ಕೇಳುವವರು ಯಾರು? ನಿಮ್ಮ ಕ್ಷೇತ್ರದ ಶಾಸಕರು ಆಡಳಿತ ಪಕ್ಷದವರಾದರೂ ಕೇಳಬಹುದು, ಕೇಳುತ್ತಾರೆ ಕೂಡ. ಆದರೆ ಅವರೇ ಮಂತ್ರಿಯಾಗಿದ್ದರೆ ಆಗುವುದಿಲ್ಲ. ಮಂತ್ರಿ ಇರುವುದು ಉತ್ತರ ಕೊಡಲು. ಆಗ ವಿಧಾನ ಪರಿಷತ್ತಿನ ಕಡೆ ನೋಡಿ. ವಿಧಾನಸಭೆಯಲ್ಲಿ 224 ಸದಸ್ಯರಾದರೆ, ಪರಿಷತ್ತಿನಲ್ಲಿ 75 ಜನ. ಅವರಲ್ಲಿ 25 ಜನ ಸ್ಥಳೀಯ ಸಂಸ್ಥೆಗಳಿಂದ, 7 ಜನ ಪದವೀಧರರಿಂದ, 7 ಜನ ಶಿಕ್ಷಕರಿಂದ ಆರಿಸಿ ಬಂದವರು. ಶಾಲೆಯ ವಿಷಯಕ್ಕೆ ಶಿಕ್ಷಕರ ಕ್ಷೇತ್ರದವರನ್ನು ಹಿಡಿಯುವುದು ಒಳ್ಳೆಯ ದಾರಿ. ಹೆಚ್ಚಿನವರಿಗೆ ಇದು ಹೊಳೆಯುವುದೇ ಇಲ್ಲ.

2. ದುಡ್ಡು ಎಲ್ಲಿ ನಿಂತಿದೆ ಎಂದು ಊಹಿಸಿ

"ಐದು ಕೋಟಿ ಕೊಟ್ಟಿದ್ದೇವೆ" ಎಂಬ ಮಾತಿಗೆ ಕನಿಷ್ಠ ನಾಲ್ಕು ಅರ್ಥ ಇರುತ್ತದೆ.

ಒಂದು, ಬಜೆಟ್‌ನಲ್ಲಿ ಹಂಚಿಕೆ ಮಾಡಿದ್ದಾರೆ. ಇದು ಇಷ್ಟು ಖರ್ಚು ಮಾಡಬಹುದು ಎಂಬ ಒಪ್ಪಿಗೆ ಮಾತ್ರ. ಎರಡು, ನಿಮ್ಮ ಕಾಮಗಾರಿಗೆ ಆಡಳಿತಾತ್ಮಕ ಮಂಜೂರಾತಿ ಸಿಕ್ಕಿದೆ, ಅಂದರೆ ‘ಮಾಡಬಹುದು’ ಎಂಬ ಆದೇಶ ಆಗಿದೆ. ಮೂರು, ಹಣ ಬಿಡುಗಡೆಯಾಗಿದೆ. ನಾಲ್ಕು, ಹಣ ವೆಚ್ಚವಾಗಿದೆ. ಭಾಷಣದಲ್ಲಿ ಬರುವುದು ಸಾಮಾನ್ಯವಾಗಿ ಮೊದಲನೆಯ ಅಂಕಿ. ನಿಮಗೆ ಬೇಕಾದದ್ದು ಕೊನೆಯ ಎರಡು.

‘ವೆಚ್ಚ’ ಎಂಬ ಪದದಲ್ಲೂ ಒಂದು ಮಡಿಕೆ ಇದೆ. ಖಜಾನೆಯಿಂದ ಹಣ ಹೊರಟು ನಿಗಮದ್ದೋ ಏಜೆನ್ಸಿಯದ್ದೋ ಠೇವಣಿ ಖಾತೆಗೆ ಹೋಗಿ ಕೂತರೂ ಪುಸ್ತಕದಲ್ಲಿ ಅದು ವೆಚ್ಚ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ. ಅಷ್ಟರೊಳಗೆ ಬಳಸದ ಅನುದಾನ ರದ್ದಾಗುತ್ತದೆ. ಹಾಗಾಗಿ ಕೊನೆಯ ವಾರದಲ್ಲಿ ಹಣವನ್ನು ಹೇಗಾದರೂ ಹೊರಗೆ ಹಾಕುವ ಗಡಿಬಿಡಿ. ಲೆಕ್ಕದಲ್ಲಿ ನೂರಕ್ಕೆ ನೂರು ಖರ್ಚು, ಜಾಗದಲ್ಲಿ ಒಂದು ಬುಟ್ಟಿ ಮಣ್ಣೂ ಬಿದ್ದಿಲ್ಲ ಎಂಬ ಸ್ಥಿತಿ ಹೀಗೆ ಬರುತ್ತದೆ. ತಾಲ್ಲೂಕಿನವರು, ಜಿಲ್ಲೆಯವರು ಇಬ್ಬರೂ ಒಂದರ್ಥದಲ್ಲಿ ನಿಜವನ್ನೇ ಹೇಳುತ್ತಿರಬಹುದು!

ಇನ್ನೊಂದು ಗುರುತು ಲೆಕ್ಕ ಶೀರ್ಷಿಕೆ. ಸರ್ಕಾರದ ಪ್ರತಿ ಖರ್ಚಿಗೂ ಒಂದು ಸಂಖ್ಯೆ ಇರುತ್ತದೆ. ಮೊದಲ ನಾಲ್ಕು ಅಂಕಿ ನೋಡಿದರೆ ಸಾಕು. 2 ಅಥವಾ 3ರಿಂದ ಶುರುವಾದರೆ ರಾಜಸ್ವ ವೆಚ್ಚ, ಅಂದರೆ ಸಂಬಳ, ದುರಸ್ತಿ, ನಿರ್ವಹಣೆಯಂಥ ದಿನದ ಖರ್ಚು. 4 ಅಥವಾ 5ರಿಂದ ಶುರುವಾದರೆ ಬಂಡವಾಳ ವೆಚ್ಚ, ಅಂದರೆ ಹೊಸ ಕಟ್ಟಡ, ಹೊಸ ರಸ್ತೆಯಂಥ ಆಸ್ತಿ. 2202 ಎಂದರೆ ಸಾಮಾನ್ಯ ಶಿಕ್ಷಣ, 4202 ಎಂದರೆ ಶಿಕ್ಷಣ ಮತ್ತು ಕ್ರೀಡೆ ಮೊದಲಾದವುಗಳ ಬಂಡವಾಳ ವೆಚ್ಚ. ರಸ್ತೆಗೆ 3054 ಮತ್ತು 5054. ನಿಮಗೆ ಹೊಸ ಕೊಠಡಿ ಎಂದು ಹೇಳಿ, ಹಣವನ್ನು 2ರ ಶೀರ್ಷಿಕೆಯಲ್ಲಿ ತೋರಿಸಿದ್ದರೆ ಅದು ಯಾಕೆ ಎಂದು ಕೇಳುವುದಕ್ಕೆ ಜಾಗ ಇದೆ.

ಈ ಸಂಖ್ಯೆಗಳು ಬಜೆಟ್ ಪುಸ್ತಕಗಳಲ್ಲಿ ಸಿಗುತ್ತವೆ. ಹಣಕಾಸು ಇಲಾಖೆಯ ಜಾಲತಾಣದಲ್ಲಿ ಅವೆಲ್ಲ ಇವೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಮೂಲಕ ಹೋಗುವ ಹಣವಾದರೆ ‘ಲಿಂಕ್ ಡಾಕ್ಯುಮೆಂಟ್’ ಎಂಬ ಪುಸ್ತಕ ನೋಡಿ. ಬಜೆಟ್ ಪುಸ್ತಕದಲ್ಲಿ ‘ಲೆಕ್ಕಗಳು’ ಎಂಬ ಕಾಲಂ ಇರುತ್ತದೆ. ಅದು ಎರಡು ವರ್ಷ ಹಿಂದಿನ ನಿಜವಾದ ಖರ್ಚು. ಉಳಿದ ಕಾಲಂಗಳೆಲ್ಲ ಅಂದಾಜು. ಪೇಪರಿನಲ್ಲಿ ದೊಡ್ಡದಾಗಿ ಬರುವುದು ಅಂದಾಜು, ನೀವು ಓದಬೇಕಾದದ್ದು ಲೆಕ್ಕ.

3. ಪ್ರಶ್ನೆ ಬರೆಯಿರಿ

ಹೆಚ್ಚಿನವರು ಬರೆದು ತರುವ ಪ್ರಶ್ನೆ ಹೀಗಿರುತ್ತದೆ:

*"ತಾಲ್ಲೂಕಿನ ಶಾಲಾ ಕಟ್ಟಡಗಳು ಶಿಥಿಲವಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?"*

ಇದಕ್ಕೆ ಬರುವ ಉತ್ತರವನ್ನು ಈಗಲೇ ಬರೆದುಕೊಡಬಹುದು. "ಬಂದಿದೆ. ಅನುದಾನದ ಲಭ್ಯತೆಗೆ ಅನುಗುಣವಾಗಿ ಹಂತ ಹಂತವಾಗಿ ಕ್ರಮ ವಹಿಸಲಾಗುವುದು." ಮುಗೀತು. ಒಂದು ಅಧಿವೇಶನ ಹೋಯಿತು. ಇನ್ನೂ ಕೆಟ್ಟದ್ದೆಂದರೆ, ಮೊದಲ ಸಾಲಿಗೆ "ಇಲ್ಲ" ಎಂದುಬಿಟ್ಟರೆ ಉಳಿದ ಎಲ್ಲಕ್ಕೂ "ಉದ್ಭವಿಸುವುದಿಲ್ಲ" ಎಂಬ ಒಂದೇ ಪದ. ‘ಬಂದಿದ್ದಲ್ಲಿ’ ಎಂದು ನಾವೇ ಬಾಗಿಲು ತೆರೆದಿಟ್ಟಿದ್ದೇವಲ್ಲ!

ಅದನ್ನೇ ಹೀಗೆ ಬರೆಯಿರಿ:

*(ಅ) ಇಂಥ ತಾಲ್ಲೂಕಿನ ಇಂಥ ಗ್ರಾಮದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ 2023-24ನೇ ಸಾಲಿನಲ್ಲಿ ಮಂಜೂರಾದ ಕೊಠಡಿಗಳೆಷ್ಟು; ಅಂದಾಜು ಮೊತ್ತ ಮತ್ತು ಲೆಕ್ಕ ಶೀರ್ಷಿಕೆ ಯಾವುದು;*

*(ಆ) ಈ ಕಾಮಗಾರಿಗೆ ಬಿಡುಗಡೆಯಾದ ಹಾಗೂ ಗುತ್ತಿಗೆದಾರರಿಗೆ ಪಾವತಿಯಾದ ಮೊತ್ತವೆಷ್ಟು; ಉಳಿದ ಹಣ ಪ್ರಸ್ತುತ ಯಾವ ಖಾತೆಯಲ್ಲಿದೆ (ದಿನಾಂಕವಾರು ವಿವರ ನೀಡುವುದು);*

*(ಇ) ಕರಾರಿನ ಪ್ರಕಾರ ಕಾಮಗಾರಿ ಮುಗಿಯಬೇಕಿದ್ದ ದಿನಾಂಕ ಯಾವುದು; ವಿಳಂಬಕ್ಕೆ ವಿಧಿಸಿದ ದಂಡವೆಷ್ಟು;*

*(ಈ) ಕೊಠಡಿಗಳನ್ನು ಶಾಲೆಗೆ ಹಸ್ತಾಂತರಿಸುವ ದಿನಾಂಕ ಯಾವುದು?*

ವ್ಯತ್ಯಾಸ ಗಮನಿಸಿದಿರಾ? ಎಲ್ಲಿಯೂ ‘ಹೌದು, ಇಲ್ಲ’ಕ್ಕೆ ಅವಕಾಶವಿಲ್ಲ. ಎಲ್ಲಕ್ಕೂ ಅಂಕಿ ಅಥವಾ ದಿನಾಂಕವೇ ಉತ್ತರ. ‘ವೆಚ್ಚವಾದ’ ಎನ್ನುವ ಬದಲು ‘ಗುತ್ತಿಗೆದಾರರಿಗೆ ಪಾವತಿಯಾದ’ ಎಂದಿದ್ದೇವೆ. ಠೇವಣಿ ಖಾತೆಯ ಮಡಿಕೆ ಅಲ್ಲಿಗೆ ಬಿಚ್ಚಿಕೊಳ್ಳುತ್ತದೆ.

ಕೆಲವು ಎಚ್ಚರಿಕೆಗಳು:

- ಅಭಿಪ್ರಾಯ ಕೇಳಬೇಡಿ. "ಇದು ಅನ್ಯಾಯ ಅಲ್ಲವೇ?" ಎಂಬುದು ಪ್ರಶ್ನೆಯಲ್ಲ. ವಿಧಾನಸಭೆಯ ಸಚಿವಾಲಯ ಅದನ್ನು ತಿರಸ್ಕರಿಸುತ್ತದೆ.
- ವ್ಯಕ್ತಿಯ ಮೇಲೆ ಆರೋಪ ಬೇಡ. ಅಧಿಕಾರಿಯ ಹೆಸರು ಬರೆಯಬೇಡಿ, ಹುದ್ದೆ ಬರೆಯಿರಿ.
- ವಿಷಯ ನ್ಯಾಯಾಲಯದಲ್ಲಿದ್ದರೆ ಪ್ರಶ್ನೆ ನಿಲ್ಲುವುದಿಲ್ಲ. ಮೊದಲೇ ವಿಚಾರಿಸಿಕೊಳ್ಳಿ.
- ಒಂದು ಪ್ರಶ್ನೆಗೆ ಒಂದೇ ವಿಷಯ. ಶಾಲೆ, ರಸ್ತೆ, ಕುಡಿಯುವ ನೀರು ಎಲ್ಲ ಸೇರಿಸಿದರೆ ಯಾವ ಮಂತ್ರಿಗೂ ಹೋಗುವುದಿಲ್ಲ. ಲೋಕಸಭೆಯಲ್ಲಿ ಒಂದು ಪ್ರಶ್ನೆ 150 ಪದ ದಾಟಬಾರದು ಎಂಬ ನಿಯಮವಿದೆ. ನೀವೂ ಅದನ್ನೇ ಅಳತೆ ಮಾಡಿಕೊಳ್ಳಿ.
- ಇಡೀ ಜಿಲ್ಲೆಯ ಹತ್ತು ವರ್ಷದ ಲೆಕ್ಕ ಕೇಳುವ ಆಸೆ ಬಿಡಿ. "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂದು ಬರುತ್ತದೆ. ಇಲ್ಲವೇ ದಪ್ಪ ಅನುಬಂಧ ಬರುತ್ತದೆ. ನಾನು ಮೊದಮೊದಲು ಬರೆದುಕೊಟ್ಟ ಒಂದು ಪ್ರಶ್ನೆಗೆ ಕಟ್ಟುಗಟ್ಟಲೆ ಪುಟ ಬಂದಿತ್ತು. ನಮಗೆ ಬೇಕಿದ್ದ ರಸ್ತೆ ಅದರಲ್ಲಿ ಇರಲೇ ಇಲ್ಲ.

4. ಚುಕ್ಕೆ ಬೇಕೋ ಬೇಡವೋ?

ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು. ಶಾಸಕರು ಅದರ ಮೇಲೆ ಉಪ ಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ.

ಎಲ್ಲರೂ ಚುಕ್ಕೆಯನ್ನೇ ಬಯಸುತ್ತಾರೆ. ಟಿವಿಯಲ್ಲಿ ಬರುತ್ತದಲ್ಲ. ನನ್ನ ಸಲಹೆ ಬೇರೆ. ಚುಕ್ಕೆ ಪ್ರಶ್ನೆಗಳು ಲಾಟರಿಯಲ್ಲಿ ಆಯ್ಕೆಯಾಗುತ್ತವೆ, ದಿನಕ್ಕೆ ಕೆಲವೇ. ಲೋಕಸಭೆಯ ಲೆಕ್ಕ ನೋಡಿ: ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಲಿಖಿತ. ಆ 20ರಲ್ಲೂ ಗದ್ದಲದ ದಿನ ಒಂದೂ ಬಾಯಿಗೆ ಬರುವುದಿಲ್ಲ. ನಮ್ಮಲ್ಲೂ ಕತೆ ಇದೇ. ನಿಮಗೆ ಬೇಕಾದದ್ದು ಅಂಕಿ ಅಂಶವಾದರೆ ಚುಕ್ಕೆ ರಹಿತವೇ ಸರಿ. ಅಂಕಿ ಆಗಲೇ ಕೈಯಲ್ಲಿದೆ, ಮಂತ್ರಿಯ ಬಾಯಿಂದ ದಿನಾಂಕ ಹೊರಡಿಸಬೇಕು ಎನ್ನುವಾಗ ಚುಕ್ಕೆಗೆ ಪ್ರಯತ್ನಿಸಿ.

5. ಶಾಸಕರ ಕೈಗೆ ಮುಟ್ಟಿಸಿ, ಅದೂ ಹೊತ್ತಿಗೆ ಸರಿಯಾಗಿ

ಅಧಿವೇಶನ ಶುರುವಾದ ಮೇಲೆ ಹೋದರೆ ಪ್ರಯೋಜನವಿಲ್ಲ. ಪ್ರಶ್ನೆಗೆ ಮುಂಗಡ ಸೂಚನೆ ಕೊಡಬೇಕು. ಲೋಕಸಭೆಯಲ್ಲಿ ಪೂರ್ತಿ 15 ದಿನ ಮೊದಲು. ಇಲ್ಲಿ ಇಲಾಖೆಗಳನ್ನು ಗುಂಪು ಮಾಡಿ, ಯಾವ ಗುಂಪಿಗೆ ಯಾವ ದಿನ, ಅದಕ್ಕೆ ಪ್ರಶ್ನೆ ಕೊಡಲು ಕೊನೆಯ ದಿನ ಯಾವುದು ಎಂಬ ಪಟ್ಟಿಯನ್ನು ಶಾಸಕರಿಗೆ ಕಳಿಸಿರುತ್ತಾರೆ. ಶಾಸಕರ ಆಪ್ತ ಸಹಾಯಕರ ಬಳಿ ಆ ಪಟ್ಟಿ ಇರುತ್ತದೆ. ಅಧಿವೇಶನದ ದಿನಾಂಕ ಪೇಪರಿನಲ್ಲಿ ಬಂದ ದಿನವೇ ಅವರಿಗೆ ಫೋನ್ ಮಾಡಿ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುವ ಅಧಿವೇಶನ ಚಿಕ್ಕದಾಗಿರುತ್ತದೆ. ಅದಕ್ಕೆ ಇನ್ನೂ ಬೇಗ.

ಹೋಗುವಾಗ ಮೂರು ಪುಟದ ಅಹವಾಲು ಒಯ್ಯಬೇಡಿ. ಒಂದೇ ಹಾಳೆ. ಮೇಲೆ ಇಲಾಖೆಯ ಹೆಸರು, ಕೆಳಗೆ ಪ್ರಶ್ನೆ, ಹಿಂದೆ ಫೋಟೊ. ಟೈಪ್ ಮಾಡಿದ್ದನ್ನು ಆಪ್ತ ಸಹಾಯಕರ ವಾಟ್ಸಾಪ್‌ಗೂ ಕಳಿಸಿ. ಅವರ ಅರ್ಧ ಕೆಲಸ ಕಡಿಮೆಯಾಗುತ್ತದೆ. ಹಾಗೆ ಕಡಿಮೆಯಾದ ಪ್ರಶ್ನೆಗಳೇ ಮೊದಲು ಹೋಗುವುದು. ಇಬ್ಬರು ಶಾಸಕರಿಗೆ ಕೊಟ್ಟರೂ ತಪ್ಪಿಲ್ಲ. ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರಿಗೆ ಕೊಟ್ಟರೆ ಮಾತ್ರ ಮುನಿಸು.

ಪ್ರಶ್ನೆ ಕೇಳಿಸಲು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಪ್ರಶ್ನೆ ಕೇಳಲು ಹಣ ಪಡೆದ ಕಾರಣಕ್ಕೆ 2005ರ ಡಿಸೆಂಬರ್‌ನಲ್ಲಿ ಸಂಸತ್ತು 11 ಸದಸ್ಯರನ್ನು ಹೊರಹಾಕಿತ್ತು.

6. ಉತ್ತರವನ್ನು ಓದುವುದು

ಉತ್ತರ ಎರಡು ಕಾಲಂನಲ್ಲಿ ಬರುತ್ತದೆ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಕೊನೆಗೆ ಮಂತ್ರಿಯ ಸಹಿ. ಶಾಸಕರಿಗೆ ಪ್ರತಿ ಸಿಗುತ್ತದೆ, ವಿಧಾನಮಂಡಲದ ಜಾಲತಾಣದಲ್ಲೂ ಹಾಕುತ್ತಾರೆ.

ಓದುವಾಗ ಕೆಲವು ಪದಗಳ ಮೇಲೆ ಕಣ್ಣಿಡಿ. "ಕ್ರಮ ಕೈಗೊಳ್ಳಲಾಗುತ್ತಿದೆ" ಎಂದರೆ ಇನ್ನೂ ಏನೂ ಆಗಿಲ್ಲ ಎಂದೇ ಇಟ್ಟುಕೊಳ್ಳಿ. "ಪ್ರಗತಿಯಲ್ಲಿದೆ" ಎಂಬುದಕ್ಕೆ ಶೇಕಡಾವಾರು ಕೊಟ್ಟಿಲ್ಲವಾದರೆ ಪಾಯ ತೋಡಿದ್ದೂ ಪ್ರಗತಿಯೇ. "ಅನುದಾನದ ಲಭ್ಯತೆ ಆಧರಿಸಿ" ಎಂದರೆ ಸದ್ಯಕ್ಕೆ ದುಡ್ಡಿಲ್ಲ. "ಅನುಬಂಧದಲ್ಲಿ ಲಗತ್ತಿಸಿದೆ" ಎಂದಿದ್ದರೆ ಅನುಬಂಧ ನಿಜವಾಗಿ ಇದೆಯಾ ಎಂದು ಮೊದಲು ನೋಡಿ. ಕೆಲವು ಸಲ ಇರುವುದಿಲ್ಲ!

ಕೂಡಿಸಿ ನೋಡುವುದನ್ನು ಬಿಡಬೇಡಿ. ಬಿಡುಗಡೆಯಾದದ್ದರಲ್ಲಿ ಪಾವತಿಯಾದದ್ದನ್ನು ಕಳೆದರೆ ಉಳಿದದ್ದು ಖಾತೆಯಲ್ಲಿರುವ ಮೊತ್ತಕ್ಕೆ ಸರಿಹೊಂದಬೇಕು. ಹೊಂದದಿದ್ದರೆ ಮುಂದಿನ ಪ್ರಶ್ನೆ ಅಲ್ಲೇ ಸಿಕ್ಕಿತು. ಮೊತ್ತ ‘ಲಕ್ಷಗಳಲ್ಲಿ’ ಎಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಅದನ್ನೂ ನೋಡಿ. ಆಮೇಲೆ ಉತ್ತರ ಹಿಡಿದು ಜಾಗಕ್ಕೆ ಹೋಗಿ. "ಛಾವಣಿ ಹಂತ" ಎಂದು ಬರೆದ ಕಟ್ಟಡ ಇನ್ನೂ ಕಿಟಕಿ ಮಟ್ಟದಲ್ಲಿದ್ದರೆ, ತಾರೀಕು ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ.

7. ಉತ್ತರ ಸಾಲದಿದ್ದರೆ

ದಾರಿ ಹಲವು, ಎಲ್ಲವೂ ಎಲ್ಲರಿಗೂ ಅಲ್ಲ.

ಉತ್ತರದಲ್ಲಿ ಗೊಂದಲವಿದ್ದರೆ ಶಾಸಕರು ಅದರ ಮೇಲೆ ಅರ್ಧ ಗಂಟೆ ಚರ್ಚೆಗೆ ಕೇಳಬಹುದು. ಅಪರೂಪಕ್ಕೆ ಸಿಗುತ್ತದೆ.

ಮಂತ್ರಿ "ಮಾಡುತ್ತೇವೆ", "ಪರಿಶೀಲಿಸುತ್ತೇವೆ" ಎಂದು ಹೇಳಿದ್ದರೆ ಅದು ಭರವಸೆ. ಇಂಥ ಮಾತುಗಳನ್ನು ಹೆಕ್ಕಿ, ಈಡೇರಿದೆಯಾ ಎಂದು ನೋಡಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸಾಮಾನ್ಯ ಜನರಿಗೆ ಇದರ ಹೆಸರೇ ಗೊತ್ತಿರುವುದಿಲ್ಲ. ನನಗೆ ಕೇಳಿದರೆ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ. ಉತ್ತರದ ದಿನಾಂಕ, ಪ್ರಶ್ನೆ ಸಂಖ್ಯೆ ಬರೆದು, ಈಗಿನ ಫೋಟೊ ಇಟ್ಟು ಸಮಿತಿಗೆ ಪತ್ರ ಹಾಕಿ. ಪ್ರತಿಯನ್ನು ನಿಮ್ಮ ಶಾಸಕರಿಗೂ ಕೊಡಿ.

ಹಣ ದುರ್ಬಳಕೆಯಾಗಿದೆ ಎನಿಸಿದರೆ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ. ಆದರೆ ಅದು ಸಾಮಾನ್ಯವಾಗಿ ಸಿಎಜಿ ವರದಿಯನ್ನು ಹಿಡಿದು ಕೆಲಸ ಮಾಡುತ್ತದೆ. ಸಿಎಜಿ ಎಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂವಿಧಾನಾತ್ಮಕ ಅಧಿಕಾರಿ. ರಾಜ್ಯದ ವರದಿಯನ್ನು ಸಂವಿಧಾನದ 151ನೇ ವಿಧಿಯ ಪ್ರಕಾರ ರಾಜ್ಯಪಾಲರಿಗೆ ಕೊಡುತ್ತಾರೆ, ಅವರು ಸದನದ ಮುಂದೆ ಇಡಿಸುತ್ತಾರೆ. ಸಮಿತಿಯ ಮುಂದೆ ಬಂದು ಉತ್ತರಿಸಬೇಕಾದವರು ಇಲಾಖೆಯ ಕಾರ್ಯದರ್ಶಿ. ಕ್ಯಾಮೆರಾ ಇಲ್ಲ, ಘೋಷಣೆ ಇಲ್ಲ. ಅಲ್ಲಿ ನುಣುಚಿಕೊಳ್ಳುವುದು ಸದನದಷ್ಟು ಸುಲಭವಲ್ಲ. ನಿಮ್ಮ ಒಂದು ಶಾಲೆಗಾಗಿ ಸಮಿತಿ ಕೂರುವುದಿಲ್ಲ, ನಿಜ. ಆದರೆ ಆ ಯೋಜನೆಯ ಬಗ್ಗೆ ಸಿಎಜಿ ಆಗಲೇ ಬರೆದಿದ್ದರೆ, ವರದಿಯ ಪ್ಯಾರಾ ಸಂಖ್ಯೆಯನ್ನು ನಿಮ್ಮ ಮುಂದಿನ ಪ್ರಶ್ನೆಯಲ್ಲಿ ಸೇರಿಸಿ. ಇಲಾಖೆಗೆ ಗೊತ್ತಾಗುತ್ತದೆ, ಇವರು ಓದಿಕೊಂಡು ಬಂದಿದ್ದಾರೆ ಅಂತ.

ಕಡತದ ಪ್ರತಿಯೇ ಬೇಕು ಎಂದಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಎಂಬುದನ್ನು ಮರೆಯಬೇಡಿ. ಸದನದ ಉತ್ತರ ಕೈಯಲ್ಲಿದ್ದರೆ ಅರ್ಜಿ ಸುಲಭ: "ಇಂಥ ದಿನಾಂಕದ, ಇಷ್ಟನೇ ಸಂಖ್ಯೆಯ ಪ್ರಶ್ನೆಗೆ ಉತ್ತರ ತಯಾರಿಸಿದ ಕಡತದ ಪ್ರತಿ ಕೊಡಿ." ತಾಲ್ಲೂಕಿನಿಂದ ಏನು ಬರೆದು ಕಳಿಸಿದ್ದರು, ಬೆಂಗಳೂರಿಗೆ ಹೋಗುವಷ್ಟರಲ್ಲಿ ಅದು ಏನಾಯಿತು ಎಂಬುದು ಆ ಕಡತದಲ್ಲಿ ಇರುತ್ತದೆ.

ಕೊನೆಗೆ ಒಂದು ಸಣ್ಣ ಕೆಲಸ. ಸದನದ ಉತ್ತರದಲ್ಲಿ ಕೊಠಡಿ ಹಸ್ತಾಂತರಕ್ಕೆ ಒಂದು ದಿನಾಂಕ ಕೊಟ್ಟಿದ್ದಾರೆ ಅಂದುಕೊಳ್ಳಿ. ಅದನ್ನು ಶಾಲೆಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿ. ಮುಖ್ಯೋಪಾಧ್ಯಾಯರಿಗೂ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಉತ್ತರದ ಒಂದೊಂದು ಜೆರಾಕ್ಸ್ ಕೊಡಿ. ಆ ದಿನ ದಾಟಿದ ಮರುದಿನವೇ ಮುಂದಿನ ಅಧಿವೇಶನದ ಪ್ರಶ್ನೆ ಬರೆಯಲು ಕೂರಬಹುದು. ಈ ಸಲ (ಅ) ಸಾಲು ಹೀಗೆ ಶುರುವಾಗುತ್ತದೆ: "ಇಂಥ ದಿನಾಂಕದಂದು ಸದನಕ್ಕೆ ನೀಡಿದ ಉತ್ತರದಂತೆ…"